ವಾಪಸು ಬಾರದ ಚೀಲಗಳು

ನಮ್ಮೂರಿನಲ್ಲಿ ಎಸೆದ ವಸ್ತು ಮೂರನೆಯ ದಿನ ಬೆಳಿಗ್ಗೆ ಎಸೆದವರ ಹೊಸ್ತಿಲಿಗೆ ವಾಪಸು ಬರುತ್ತದೆ. ಹಳ್ಳಕ್ಕೆ ಬಿಟ್ಟರೂ ಅಷ್ಟೇ, ಆಳ ಗುಂಡಿ ತೋಡಿ ಹೂತರೂ ಅಷ್ಟೇ. ಸುಟ್ಟರೆ ಕರಿ ಮುದ್ದೆಯಾಗಿ ಬರುತ್ತದೆ. ಬಾಳೆಲೆ, ಕಾಯಿಸಿಪ್ಪೆ, ಹಳೆಯ ಹತ್ತಿಬಟ್ಟೆ ಇಂಥವು ಬರುವುದಿಲ್ಲ. ಮಣ್ಣಿಗೆ ಬೇಕಾದದ್ದನ್ನು ಮಣ್ಣು ಇಟ್ಟುಕೊಳ್ಳುತ್ತದೆ. ಹೆಣ್ಣು ನೋಡಲು ಬಂದವರು ಇಲ್ಲಿ ಹುಡುಗಿಯ ಮುಖಕ್ಕಿಂತ ಮೊದಲು ಅವಳ ಮನೆಯ ಹೊಸ್ತಿಲು ನೋಡುತ್ತಾರೆ. ಕುಡಿತ ಬಿಟ್ಟೆ ಎಂದು ಆಣೆ ಇಟ್ಟವನ ಬಾಗಿಲನ್ನು ಅವನ ಅತ್ತೆ ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಾಳೆ.

ಒಂದು ವಸ್ತುವನ್ನು ಕೈಯಾರೆ ಕೊಟ್ಟು, ಇನ್ನೊಬ್ಬರು ಕೈಯಾರೆ ತಗೊಂಡರೆ ಅದು ತಗೊಂಡವರದಾಗುತ್ತದೆ. ಆಮೇಲೆ ಅವರು ಎಸೆದರೆ ಬರುವುದು ಅವರ ಹೊಸ್ತಿಲಿಗೆ. ಆದ್ದರಿಂದ ನಮ್ಮ ಜನ ಪುಕ್ಕಟೆ ಸಿಕ್ಕಿತೆಂದು ಯಾವುದಕ್ಕೂ ಕೈ ಚಾಚುವವರಲ್ಲ. ಮದುವೆಯ ಉಡುಗೊರೆಯನ್ನೂ ತಿರುವಿ ನೋಡುತ್ತಾರೆ, ಬುಡ ತಟ್ಟುತ್ತಾರೆ, "ಕೆಟ್ಟ ಮ್ಯಾಲೆ ಇದನ್ನೇನ್ ಮಾಡೂದು?" ಎಂದು ಕೊಟ್ಟವರನ್ನೇ ಕೇಳುತ್ತಾರೆ. ಪರಊರಿನ ಬೀಗರು ಪೇಡೆ ತಂದರೆ ಪೇಡೆ ಇಟ್ಟುಕೊಂಡು ಡಬ್ಬಿಯನ್ನು ಅವರ ಕೈಗೇ ವಾಪಸು ಕೊಡುತ್ತೇವೆ. ಇದರಿಂದ ನಮಗೆ ಅನುಮಾನದ ಜನ ಎಂಬ ಹೆಸರು ಬಂದಿದೆ. ಇರಲಿ.

ನಾನು ಇಲ್ಲಿನ ಬಣ್ಣದ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಮನೆಯ ಹಿರಿಯಳಾಗಿದ್ದೆ. ಹೆಸರು ಮಹಾನಂದಾ; ಎಲ್ಲರ ಬಾಯಲ್ಲಿ ಮಾನಂದಕ್ಕ. ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸವೆಂದರೆ ಅನುಮಾನ ಪಡುವುದು. ತುಂಬಿದ ಡಬ್ಬಿಯನ್ನು ತಲೆಕೆಳಗು ನಿಲ್ಲಿಸಿ, ಬುಡಕ್ಕೆ ಬಿಳಿ ಬಟ್ಟೆ ಹಾಸಿ, ಒಂದು ಹನಿ ಕಂಡರೂ ತೆಗೆದಿಡುವುದು. ಡಬ್ಬಿಗಳನ್ನು ಮಾಡಿಕೊಡುತ್ತಿದ್ದವನು ಹಳ್ಳದಾಚೆಯ ದಸ್ತಗೀರಸಾಬ. ತಗಡಿನ ಕೆಲಸದಲ್ಲಿ ಅವನಂಥ ಕೈ ನಾನು ಕಂಡಿಲ್ಲ. ಆದರೂ ಅವನ ಪ್ರತಿಯೊಂದು ಮುಚ್ಚಳವನ್ನೂ ನಾನು ಹೆಬ್ಬೆರಳಿನಿಂದ ಸುತ್ತ ಸವರಿ ನೋಡಿಯೇ ಒಳಗೆ ಬಿಡುತ್ತಿದ್ದೆ. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ ನಾನು ನೋಡುವುದನ್ನೇ ನೋಡುತ್ತಿದ್ದ.

ಕಷ್ಟ ಬಂದದ್ದು ಖಾಲಿ ಡಬ್ಬಿಗಳಿಂದ. ಎಣ್ಣೆಡಬ್ಬಿ ಖಾಲಿಯಾದರೆ ಕಾಳು ತುಂಬಬಹುದು. ಬಣ್ಣ ಒಣಗಿ ಅಂಟಿದ ಡಬ್ಬಿಯಲ್ಲಿ ಏನು ತುಂಬುವುದು? ತುಳಸಿ ನೆಟ್ಟರು, ಕೋಳಿಗೆ ನೀರಿಟ್ಟರು, ಮಾಡಿಗೆ ಆಸರೆಯಾಗಿ ಜೋಡಿಸಿದರು. ಒಂದೊಂದು ಮನೆಯಲ್ಲಿ ಮೂವತ್ತು ನಲವತ್ತು ಡಬ್ಬಿ ಕೂತವು. ಕೊನೆಗೆ ಜನ ಗೋಡೆಗೆ ಬಣ್ಣ ಹೊಡೆಯುವುದನ್ನೇ ಬಿಟ್ಟರು. ಹಬ್ಬ ಬಂದರೂ ಸುಣ್ಣ, ಮದುವೆ ಬಂದರೂ ಸುಣ್ಣ. ಕಾರ್ಖಾನೆಯ ಮಾಲೀಕರಾದ ವಿರೂಪಣ್ಣನವರು ಒಂದು ಮಧ್ಯಾಹ್ನ ನನ್ನನ್ನು ಕರೆದು ಹೇಳಿದರು:

"ಮಾನಂದಾ, ಬಣ್ಣ ಚಲೋ ಐತಿ, ಡಬ್ಬಿ ಬ್ಯಾಡ ಅಂತಾರ ಮಂದಿ. ಬ್ಯಾರೇದೇನರ ಹುಡುಕು. ಇಲ್ಲಂದ್ರ ದೀಪಾವಳಿಗೆ ಬಾಗಲಾ ಹಾಕೂದ. ನಲವತ್ತು ಮಂದಿ ಕೆಲಸಕ್ಕ ಅದಾರ ನಮ್ಮ ಹಂತ್ಯಾಕ."

ನಾಲ್ಕು ತಿಂಗಳು ನಾನು ಕೈಗೆ ಸಿಕ್ಕಿದ್ದರಲ್ಲೆಲ್ಲ ಬಣ್ಣ ತುಂಬಿದೆ. ಮಣ್ಣಿನ ಗಡಿಗೆ ಬೆವರಿತು. ಎರಡನೆಯ ವಾರಕ್ಕೆ ಹೊರಮೈಯೆಲ್ಲ ನೀಲಿ. ಗಾಜಿನ ಭರಣಿ ಚಂದವಿತ್ತು. ಗಾಡಿ ಹಳ್ಳ ದಾಟುವಷ್ಟರಲ್ಲಿ ಹತ್ತಕ್ಕೆ ಮೂರು ಒಡೆದವು, ಗಾಡಿಯವನು ಎಸೆದ ಚೂರು ಅವನ ಹೊಸ್ತಿಲಿಗೇ ಬಂದು ಅವನ ಹೆಂಡತಿಯ ಕಾಲು ಕುಯ್ದವು. ಮೇಣ ಬಳಿದ ರಟ್ಟಿನ ಪೆಟ್ಟಿಗೆ ಬಿಸಿಲಿಗೆ ಮೆತ್ತಗಾಗಿ ಕೂತೇಬಿಟ್ಟಿತು. ಬಿದಿರಿನ ಕೊಳವೆ ಸೀಳಿತು. ಸೋರೆಬುರುಡೆ ಎಲ್ಲಕ್ಕಿಂತ ಚೆನ್ನಾಗಿ ತಾಳಿತು, ಆದರೆ ಅದರಲ್ಲಿ ಬಣ್ಣ ಹುಳಿಯಾಗಿ, ತೆರೆದರೆ ಹಳಸಿದ ಅಂಬಲಿಯ ವಾಸನೆ. ಬಣ್ಣಕ್ಕೆ ಗಾಳಿಯೂ ತಾಗಬಾರದು, ತೇವವೂ ಆರಬಾರದು, ಪಾತ್ರೆ ಮಾತ್ರ ಮಣ್ಣಾಗಬೇಕು. ಅಂಥದ್ದು ಎಲ್ಲಿದೆ?

ಆಗ ಬಂದವನು ಉದಯಶಂಕರ. ಯಾವುದೋ ದೊಡ್ಡ ಊರಿನ ಚೀಲದ ಕಂಪನಿಯವನು. ಬಿಳಿ ಬೂಟು, ನಯವಾದ ಮಾತು. ಮೇಜಿನ ಮೇಲೆ ಒಂದು ಮೆದು ಚೀಲ ಇಟ್ಟ. ಮೇಲೆ ತಿರುಗಿಸುವ ಮುಚ್ಚಳ, ಮೈಮೇಲೆ ಹಸಿರು ಎಲೆಯ ಚಿತ್ರ.

"ಗಿಡದಿಂದಲೇ ಮಾಡಿದ್ದು. ಮಣ್ಣಿಗೆ ಹಾಕಿದರೆ ಮಣ್ಣು. ನಿಮ್ಮ ಊರಿನ ಹೊಸ್ತಿಲಿಗೆ ಇದು ಬರುವುದಿಲ್ಲ" ಎಂದ.

ನಾನು ಚೀಲ ಹಿಂಡಿ ನೋಡಿದೆ. ತೂಕವಿಲ್ಲ, ಸೋರುವುದಿಲ್ಲ, ಎದೆಯೆತ್ತರದಿಂದ ಬಿಟ್ಟರೂ ಒಡೆಯಲಿಲ್ಲ. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದಾಗ ಮಾತ್ರ ಒಳಗೆ ಒಂದರ ಮೇಲೊಂದು ಮೂರು ಪದರ ಕಂಡವು. ನಡುವಿನದು ಬೆಳ್ಳಿಯ ಹಾಗೆ ಹೊಳೆಯಿತು. ಹೊಳೆಯುವ ಗಿಡ ಯಾವುದು ಎಂದು ಕೇಳಿದೆ. ಅವನು ನಕ್ಕ.

"ಹೂತು ನೋಡೋಣಮ್ಮ. ನಿಮ್ಮ ಅಂಗಳದಲ್ಲೇ, ಎಲ್ಲರ ಎದುರಿಗೇ."

ಗುಂಡಿ ತೋಡಿಸಿದೆವು. ಹನ್ನೆರಡು ಖಾಲಿ ಚೀಲ. ನಲವತ್ತು ಜನ ಸುತ್ತ ನಿಂತಿದ್ದೆವು. ಚೀಲಗಳನ್ನು ಗುಂಡಿಗೆ ಹಾಕುವ ಹೊತ್ತಿಗೆ ಉದಯಶಂಕರ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಡಬ್ಬಿ ಕೊಡಲು ಬಂದಿದ್ದ ದಸ್ತಗೀರಸಾಬನ ಕಡೆ ತಿರುಗಿದ. "ನೀವೇ ಹಾಕಿ ಸಾಹೇಬರೇ. ಈ ಚೀಲದಿಂದ ಹೊಟ್ಟೆಗೆ ಹೊಡೆತ ಬೀಳುವುದು ನಿಮಗೆ. ನಿಮ್ಮ ಕೈಯಿಂದಲೇ ಪರೀಕ್ಷೆಯಾದರೆ ಯಾರೂ ಅನುಮಾನ ಪಡುವುದಿಲ್ಲ." ಮಾತು ನ್ಯಾಯವಾಗಿತ್ತು. ದಸ್ತಗೀರಸಾಬ ಚೀಲಗಳನ್ನು ತಗೊಂಡ, ಗುಂಡಿಗೆ ಹಾಕಿದ, ಮಣ್ಣು ಮುಚ್ಚಿದ.

ನಾಲ್ಕನೆಯ ದಿನ ಅಗೆದೆವು. ಗುಂಡಿ ಖಾಲಿ. ವಿರೂಪಣ್ಣನವರು ದಸ್ತಗೀರಸಾಬನನ್ನು ಕರೆಸಿ ಕೇಳಿದರು, "ನಿಮ್ಮ ಮನೀಗೆ ಬಂದಾವೇನು?"

ಅವನು ನೆಲ ನೋಡುತ್ತ, "ಇಲ್ರಿ, ಬಂದಿಲ್ಲ" ಎಂದ.

ನನ್ನ ಕಡೆ ಅವನು ನೋಡಲಿಲ್ಲ. ಅದು ನನ್ನ ಗಮನಕ್ಕೆ ಬಂತು. ಆದರೆ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುವ ಸುಳ್ಳನ್ನು ಯಾವ ಮನುಷ್ಯ ಹೇಳುತ್ತಾನೆ? ಹಳ್ಳ ದಾಟಿ ಅವನ ಹೊಸ್ತಿಲು ನೋಡಿ ಬರಲು ಅರ್ಧ ತಾಸು ಸಾಕಿತ್ತು. ನಾನು ಹೋಗಲಿಲ್ಲ. ಹೋಗಿ ನೋಡಿದರೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ ಒಳಗೆಲ್ಲೋ ಇತ್ತು ಎಂದು ಈಗ ಅನಿಸುತ್ತದೆ. ಆ ದಿನ ಬೇರೆ ಕಾರಣ ಹೇಳಿಕೊಂಡೆ: ಹೊಸ ಕೆಂಪು ಬಣ್ಣ ಅರೆಯಲು ಹಾಕಿದ್ದೆವು, ಬಿಟ್ಟು ಹೋಗುವಂತಿರಲಿಲ್ಲ. "ಈ ಚೀಲ ವಾಪಸು ಬರುವುದಿಲ್ಲ" ಎಂದು ಬರೆದ ಹಾಳೆಗೆ ಸಹಿ ಹಾಕಿದೆ. ಆ ಹಾಳೆಯನ್ನು ಅಚ್ಚು ಹಾಕಿಸಿ ಅಂಗಡಿ ಅಂಗಡಿಗೆ ಅಂಟಿಸಿದರು. ನನ್ನ ಸಹಿ ಕಂಡು ಜನ ನಂಬಿದರು.

ಜನರು ಚೀಲವನ್ನು ತಾವಾಗಿ ಎಸೆಯುವಂತಿರಲಿಲ್ಲ; ಉದಯಶಂಕರನ ಏರ್ಪಾಟು ಅದು. ಶನಿವಾರಕ್ಕೊಮ್ಮೆ ಒಂದು ಎತ್ತಿನ ಗಾಡಿ ಬೀದಿಗೆ ಬರುತ್ತಿತ್ತು. ಗಾಡಿಯವನ ಕೈಗೆ ಖಾಲಿ ಚೀಲ ಕೊಟ್ಟರೆ ಮುಗಿಯಿತು. "ಸರಿಯಾದ ಮಣ್ಣಿನಲ್ಲಿ ಸರಿಯಾದ ಆಳಕ್ಕೆ ಹೂಳಬೇಕಮ್ಮ, ಅದಕ್ಕೆ" ಎಂದು ವಿವರಿಸಿದ. ಊರು ಎಂಟು ತಿಂಗಳಲ್ಲಿ ಬೇರೆಯದೇ ಊರಾಯಿತು. ಗಿಳಿಹಸಿರು, ಅರಿಸಿನ, ನೇರಳೆ, ದಾಸವಾಳದ ಕೆಂಪು. ಹೊಸ್ತಿಲುಗಳು ತೊಳೆದಿಟ್ಟ ಹಾಗಿದ್ದವು. ಎದುರುಬದುರು ಮನೆಯವರು ಒಬ್ಬರ ಗೋಡೆಯನ್ನು ಒಬ್ಬರು ಮೀರಿಸುವ ಹಾಗೆ ಬಣ್ಣ ಹೊಡೆದರು.

ನನಗೆ ಮಾತ್ರ ನಿದ್ದೆ ಸರಿಬೀಳಲಿಲ್ಲ. ದಸ್ತಗೀರಸಾಬ ಊರಿನ ಕಡೆ ಬರುವುದನ್ನೇ ನಿಲ್ಲಿಸಿದ್ದ. ಚಹದ ಅಂಗಡಿಯಲ್ಲಿ ಜನ ಮಾತಾಡಿಕೊಂಡರು: ಮನೆಯ ಸುತ್ತ ಆಳೆತ್ತರ ತಗಡಿನ ಬೇಲಿ ಕಟ್ಟಿದ್ದಾನಂತೆ, ಹೆಂಡತಿಯನ್ನೂ ಹೊರಗೆ ಬಿಡುವುದಿಲ್ಲವಂತೆ, ಶನಿವಾರದ ಗಾಡಿ ಅವನ ಮನೆಯ ದಿಕ್ಕಿಗೇ ಹೋಗುತ್ತದಂತೆ. ಅದೇ ಹೊತ್ತಿಗೆ ಎರಡು ಅಂಗಡಿಯಲ್ಲಿ ತುಂಬಿದ ಚೀಲಗಳು ಸೋರಿದವು. ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ತೂತು. ನನ್ನ ತಲೆಗೆ ಒಂದೇ ಯೋಚನೆ ಬಂತು. ಕೆಲಸ ಹೋದ ಸಿಟ್ಟಿಗೆ ಅವನೇ ಚುಚ್ಚಿಸುತ್ತಿದ್ದಾನೆ; ಗಾಡಿಯವನನ್ನು ಒಳಗೆ ಹಾಕಿಕೊಂಡಿದ್ದಾನೆ. ನನ್ನ ಜೊತೆ ಕೆಲಸ ಮಾಡುವ ಸುಂದ್ರವ್ವನಿಗೆ ಹೇಳಿದೆ. ಅವಳೂ ಹೂಂಗುಟ್ಟಿದಳು. ಆ ತೂತು ಗೋದಾಮಿನ ಇಲಿಗಳದ್ದು ಎಂದು ಆಮೇಲೆ ತಿಳಿಯಿತು. ಆದರೆ ಆ ದಿನ ನಾನು ಅವನನ್ನು ಹಿಡಿಯಬೇಕೆಂದೇ ಹಳ್ಳ ದಾಟಿದೆ.

ನಡುಹಗಲು. ತಗಡಿನ ಬೇಲಿಯ ಹೊರಗೆ, ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಅವನ ಹೆಂಡತಿ ಮೆಹಬೂಬಿ ಅನ್ನ ಬೇಯಿಸುತ್ತಿದ್ದಳು. ಮನೆ ಇದ್ದೂ ಹೊರಗೆ ಯಾಕೆ ಅಡಿಗೆ ಎಂದುಕೊಂಡೆ. ನನ್ನನ್ನು ಕಂಡು ಅವಳು ಎದ್ದು ನಿಂತಳು, ಬಾ ಎನ್ನಲಿಲ್ಲ. ದಸ್ತಗೀರಸಾಬ ಬೇಲಿಯ ಸಂದಿಯಿಂದ ಬಂದ. ಗಡ್ಡ ಬೆಳೆದಿತ್ತು.

"ಏನ್ ನಡಸೀಯೋ ಒಳಗ?" ಎಂದೆ.

"ನೋಡಾಕ ಬಂದ್ರೇನು?"

"ಹೂಂ, ನೋಡಾಕ ಬಂದೀನಿ."

"ತಡಾ ಮಾಡಿದ್ರಿ ಮಾನಂದಕ್ಕ" ಎಂದು ಅವನು ಬೇಲಿಯ ತಗಡನ್ನು ಸರಿಸಿದ.

ಅಂಗಳವಿರಲಿಲ್ಲ. ಹೊಸ್ತಿಲೂ ಕಾಣಲಿಲ್ಲ. ಚೀಲಗಳ ಗುಡ್ಡ ಮಾಡಿನ ಅಂಚಿಗೆ ತಾಗಿತ್ತು. ಮೈಗೆ ಒಣಗಿ ಅಂಟಿದ ಗಿಳಿಹಸಿರು, ಅರಿಸಿನ, ನೇರಳೆ. ಇಡೀ ಊರಿನ ಗೋಡೆಗಳು ಅಲ್ಲಿ ಮುದ್ದೆಯಾಗಿ ಬಿದ್ದಿದ್ದವು. ಬಾಗಿಲಿಗೆ ಹೋಗಲು ಒಬ್ಬರು ಅಡ್ಡವಾಗಿ ನುಸುಳುವಷ್ಟು ದಾರಿ. ಒಳಗಿನ ಎರಡು ಕೋಣೆಯೂ ತುಂಬಿತ್ತು. ಒಂದು ಮೂಲೆಯಲ್ಲಿ ಚಾಪೆ ಹಾಸುವಷ್ಟು ಜಾಗ. ಒಣಗಿದ ಬಣ್ಣದ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು.

ಹೊರಗೆ ಬಂದು ಬೇವಿನ ಬೇರಿನ ಮೇಲೆ ಕೂತೆ. ಅವನು ನಿಂತೇ ಹೇಳಿದ. ಗುಂಡಿ ತೋಡುವ ಹಿಂದಿನ ದಿನವೇ ಉದಯಶಂಕರ ಅವನ ಮನೆಗೆ ಬಂದು ಹೀಗೆಂದಿದ್ದನಂತೆ: ಡಬ್ಬಿಯನ್ನು ಊರು ಹೇಗೂ ಬೇಡವೆನ್ನುತ್ತಿದೆ. ಚೀಲವೂ ಆಗದಿದ್ದರೆ ಕಾರ್ಖಾನೆ ಮುಚ್ಚಿ ನಲವತ್ತು ಒಲೆ ಆರುತ್ತವೆ. ಗಾಡಿಯವನ ಕೈಯಿಂದ ಚೀಲ ತಗೊಂಡು ಹೂಳುವ ಕೆಲಸ ನೀವು ಮಾಡಿ. ಮೊದಮೊದಲು ಒಂದಷ್ಟು ವಾಪಸು ಬರಬಹುದು, ಮಣ್ಣು ಪಳಗಿದ ಮೇಲೆ ಬರುವುದಿಲ್ಲ.

"ಹನ್ನೆರಡೂ ಬಂದಿದ್ವು" ಎಂದ ದಸ್ತಗೀರಸಾಬ. "ಹೊಸ್ತಲದ ಮ್ಯಾಲೆ ಸಾಲಾಗಿ ಕುಂತಿದ್ವು."

"ಮತ್ಯಾಕ ಇಲ್ಲಂದಿ?"

ಅವನು ಬೇಲಿಯ ತಗಡನ್ನು ಮತ್ತೆ ಮುಚ್ಚಿದ. "ನೀವು ಬಂದು ನೋಡ್ತೀರಿ ಅಂತ ತಿಳ್ಕೊಂಡಿದ್ದೆ. ನನ್ನ ಒಂದು ಮುಚ್ಚಳಾನೂ ನೋಡದ ಬಿಟ್ಟವರಲ್ಲ ನೀವು. ನಾ ಸುಳ್ಳು ಹೇಳಿದ್ರೂ ಮಾನಂದಕ್ಕ ಬರ್ತಾಳ, ಸಿಕ್ಕಿ ಬೀಳ್ತೀನಿ, ಅಲ್ಲಿಗೆ ಮುಗೀತೈತಿ ಅಂತಿದ್ದೆ. ಸಂಜೀತನ ಹೊಸ್ತಲದಾಗ ಹಂಗ ಇಟ್ಟಿದ್ದೆ. ನೀವು ಬರಲಿಲ್ಲ. ಮರುದಿನ ಸಹಿ ಮಾಡೀರಿ ಅಂತ ಗೊತ್ತಾತು. ಇಷ್ಟು ಅನುಮಾನದಾಕಿ ಸಹಿ ಹಾಕ್ಯಾಳಂದ್ರ ಆ ಮನಶ್ಯಾ ಹೇಳೂದು ಖರೇನ ಇರಬೇಕು, ಮಣ್ಣು ಪಳಗ್ತೈತಿ ಅಂದ್ಕೊಂಡೆ."

ಮೆಹಬೂಬಿ ಒಂದು ಲೋಟ ನೀರು ತಂದು ನನ್ನ ಮುಂದೆ ನೆಲದ ಮೇಲೆ ಇಟ್ಟಳು, ಕೈಗೆ ಕೊಡಲಿಲ್ಲ.

ನಾನು ಅಲ್ಲಿಂದ ಒಂದು ಚೀಲ ಹಿಡಿದು ನೇರ ಕಾರ್ಖಾನೆಗೆ ಹೋದೆ. ವಿರೂಪಣ್ಣನವರ ಕೋಣೆಯಲ್ಲಿ ಉದಯಶಂಕರನೂ ಕೂತಿದ್ದ. ಕಂಡದ್ದೆಲ್ಲ ಹೇಳಿದೆ. ಮಾಲೀಕರು ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದರು. ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.

"ಒಂದು ಮನೀ ಮಾನಂದಾ" ಎಂದರು ಕೊನೆಗೆ. "ಈ ಕಡೆ ನಲವತ್ತು ಮನೀ. ತೂಗಿ ನೋಡು."

ಉದಯಶಂಕರ ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ. "ಎಲ್ಲ ಊರಿನಲ್ಲೂ ಹೀಗೇ ಅಮ್ಮ. ಯಾರದೋ ಒಬ್ಬರ ಹೊಸ್ತಿಲು ಬೇಕೇ ಬೇಕು. ಬೇರೆ ಊರುಗಳಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ."

ನಾನು ಚೀಲವನ್ನು ಅವನ ಮುಂದೆ ಚಾಚಿದೆ. "ಹಂಗಾರ ಇದೊಂದನ್ನ ನೀವು ತಗೊಳ್ರಿ."

ಅವನು ನಕ್ಕ. ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಮಾಲೀಕರ ಕಡೆ ಚಾಚಿದೆ. ಅವರು ಕಿಟಕಿಯ ಆಚೆ ನೋಡಿದರು.

ತುಂಬುವ ಮನೆಗೆ ಬಂದು ಸುಂದ್ರವ್ವನನ್ನೂ ಉಳಿದ ಹೆಂಗಸರನ್ನೂ ಕೂಡಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ನೋಡಲು ಹೋಗದೇ ಸಹಿ ಹಾಕಿದ್ದನ್ನೂ ಹೇಳಿದೆ. ಒಬ್ಬಿಬ್ಬರು ಬಾಯಿಗೆ ಬಂದ ಹಾಗೆ ಬೈದರು. ಬೈಸಿಕೊಂಡೆ. ಪ್ರತಿ ಚೀಲದ ಬುಡದಲ್ಲಿ, ಬಣ್ಣ ತುಂಬಿ ಅದನ್ನು ಬೆಸೆದ ನಮ್ಮ ಹೆಂಗಸಿನ ಗುರುತು ಇರುತ್ತಿತ್ತು; ನನ್ನದು ಎರಡು ಗೀರು, ಸುಂದ್ರವ್ವನದು ಒಂದು ಚುಕ್ಕಿ. "ಯಾರ ಮ್ಯಾಲೂ ಜುಲುಮಿ ಇಲ್ಲ. ನನ್ನ ಎರಡು ಗೀರಿನವನ್ನ ನಾ ನಾಳೆ ತಗೋತೀನಿ" ಎಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನೊಬ್ಬಳೇ ಹಳ್ಳ ದಾಟಿದೆ. ದಸ್ತಗೀರಸಾಬನಿಗೆ ಎರಡೂ ಕೈ ಚಾಚಿದೆ. ಅವನು ನನ್ನ ಮುಖ ನೋಡಿದ. "ಮನಿ ಸಣ್ಣದೈತಿ ನಿಮ್ದು" ಎಂದ. "ಕೊಡು" ಎಂದೆ. ಅವನು ಗುರುತು ನೋಡಿ ನೋಡಿ ಕೊಡತೊಡಗಿದ. ನಾನು ತಗೊಂಡು ಚೀಲಕ್ಕೆ ಚೀಲ ಪೋಣಿಸಿ ಹೆಗಲಿಗೆ ಹಾಕಿಕೊಂಡೆ. ಮೂರನೆಯ ಸುತ್ತಿಗೆ ಬಂದಾಗ ಸುಂದ್ರವ್ವ ಬಂದಿದ್ದಳು, ಮುಖ ಊದಿಸಿಕೊಂಡು. ಆಮೇಲೆ ಇನ್ನೂ ಆರು ಜನ. ಉಳಿದವರು ಬರಲಿಲ್ಲ. ಅವರನ್ನು ನಾನು ಬೈಯಲಾರೆ, ಕೂಸುಗಳಿರುವ ಮನೆಗಳು.

ನಾವು ಅವನ್ನು ಹೊತ್ತು ಊರ ಬೀದಿಯಲ್ಲೇ ನಡೆದೆವು. ಬಣ್ಣಕ್ಕೆ ಮರೆಯೆಲ್ಲಿದೆ? ಗಿಳಿಹಸಿರು ಚೀಲ ಕಂಡು ಗಿಳಿಹಸಿರು ಗೋಡೆಯವರು ಒಳಗೆ ಸರಿದರು. ಕಾಡಪ್ಪ ಮಾಸ್ತರರದು ಊರಿಗೊಂದೇ ನೇರಳೆ ಮನೆ. ಅವರು ಪಡಸಾಲೆಯಿಂದ ಇಳಿದು ಬಂದು, ಕನ್ನಡಕ ಏರಿಸಿ, ಚೀಲವನ್ನೂ ತಮ್ಮ ಗೋಡೆಯನ್ನೂ ಎರಡೆರಡು ಸಲ ನೋಡಿ, "ನಮ್ಮವ ಇವು" ಎಂದು ತಗೊಂಡರು. ಅವರನ್ನು ನೋಡಿ ಎದುರುಮನೆಯವರು ಬಂದರು. ಹೀಗೆ ದಿನಕ್ಕೆ ಹತ್ತಿಪ್ಪತ್ತು ಮನೆ. "ನಮ್ಮ ಅರಿಸಿನ ಇಷ್ಟು ಗಾಢ ಅಲ್ಲ, ಅದು ಆಚೆ ಓಣಿಯವರದು" ಎಂದು ವಾದಿಸಿದವರು ಬಹಳ. ಆ ವಾರ ಎರಡು ಮನೆಯವರು ಅವಸರವಸರವಾಗಿ ಗೋಡೆಗೆ ಸುಣ್ಣ ಬಳಿದರು. ಸುಣ್ಣದ ಕೆಳಗಿನಿಂದ ಕೆಂಪು ಇಣುಕುತ್ತಿತ್ತು. ಮಾಲೀಕರ ಮನೆಯ ಮುಂದೆ ನಾವು ನಿಂತಾಗ ಅವರು ಮಹಡಿಯ ಕಿಟಕಿಯಲ್ಲಿದ್ದರು. ಅವರ ಹೆಂಡತಿ ಇಳಿದು ಬಂದು ಸೆರಗಿನ ತುಂಬ ತಗೊಂಡು ಹೋದರು.

ಉದಯಶಂಕರ ಯಾವ ದಿನ ಹೋದನೋ ಯಾರೂ ನೋಡಲಿಲ್ಲ. ಅಂಗಡಿಗಳ ಮೇಲಿನ ನನ್ನ ಸಹಿಯ ಹಾಳೆಗಳನ್ನು ನಾನೇ ನೀರು ಹಾಕಿ ನೆನೆಸಿ ಕಿತ್ತೆ. ಚೀಲಗಳಲ್ಲಿ ಹಳ್ಳದ ಮರಳು ತುಂಬಿ ಜನ ಮಳೆನೀರಿಗೆ ಒಡ್ಡು ಹಾಕಿಕೊಂಡರು. ನಮ್ಮ ಮನೆಯ ಹಿಂದೆ ಅವುಗಳದ್ದೇ ಒಂದು ಗೋಡೆ ಇದೆ. ದಸ್ತಗೀರಸಾಬನ ಅಂಗಳ ಪೂರ್ತಿ ಖಾಲಿಯಾಗಲಿಲ್ಲ. ಯಾರೂ ತಮ್ಮದೆನ್ನದ ಚೀಲಗಳು ಇನ್ನೂ ಒಂದು ಮೂಲೆಯಲ್ಲಿವೆ. ಕಾರ್ಖಾನೆ ಮುಚ್ಚಲಿಲ್ಲ, ಆದರೆ ನಲವತ್ತು ಜನರಲ್ಲಿ ಹದಿನೈದು ಜನ ಬೇರೆ ಕೆಲಸ ನೋಡಿಕೊಂಡರು. ಅವರಲ್ಲಿ ಮೂವರು ನನ್ನನ್ನು ಕಂಡರೆ ಈಗಲೂ ರಸ್ತೆ ದಾಟುತ್ತಾರೆ.

ಕೊನೆಗೆ ದಾರಿ ಹೇಳಿದವಳು ಮೆಹಬೂಬಿ. "ಹಾಲು ಹ್ಯಾಂಗ ಕೊಡ್ತಾರ? ತಂಬಿಗಿ ಹಾಲು ಮಾರಾವರದೇನು? ತಗೊಳ್ಳಾವರದು, ಅವರವರದು" ಎಂದಳು. ದೊಡ್ಡ ಪೀಪಾಯಿಯಿಂದ ಬಣ್ಣ ಅಳೆದು ಕೊಡುವುದು, ಪಾತ್ರೆ ಮನೆಮನೆಯದು, ಮುಗಿದ ಮೇಲೆ ಕಾರ್ಖಾನೆಗೇ ತಂದು ತೊಳೆಸಿ ಮತ್ತೆ ತುಂಬಿಸಿಕೊಳ್ಳುವುದು. ಹಾಗಾದರೆ ಪಾತ್ರೆ ಮೂವತ್ತು ವರ್ಷ ಬಾಳಬೇಕು, ಒಳಗೆ ತುಕ್ಕು ಹಿಡಿಯಬಾರದು, ಮುಚ್ಚಳ ಸಾವಿರ ಸಲ ತೆರೆದರೂ ಸಡಿಲವಾಗಬಾರದು. ಅಂಥದ್ದನ್ನು ಮಾಡುವ ಕೈ ಊರಿನಲ್ಲಿ ಒಂದೇ ಇತ್ತು. ಮಾಲೀಕರು ಹೇಳಿ ಕಳಿಸಿದರು. ಅವನು ಬರಲಿಲ್ಲ. ನಾನು ಹೋಗಿ ಕೇಳಿದೆ. "ನೋಡೂಣು" ಎಂದ.

ಒಂದೂವರೆ ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ತುಂಬುವ ಮನೆಗೆ ಬಂದು, ಹೊಸ ಪಾತ್ರೆಯೊಂದನ್ನು ನನ್ನ ಮೇಜಿನ ಮೇಲಿಟ್ಟ. ದಪ್ಪ ತಗಡು, ಒಳಗೆ ಕಲಾಯಿ, ಹಿಡಿಕೆಗೆ ಕಟ್ಟಿಗೆಯ ಉರುಳು. ಬಹಳ ಚಂದವಿತ್ತು. ಆ ಎಂಟು ತಿಂಗಳನ್ನು ನೆನೆದರೆ ನನಗೆ ಅವನ ಕೆಲಸದಲ್ಲಿ ಬೆರಳಿಡುವ ಹಕ್ಕು ಉಳಿದಿರಲಿಲ್ಲ. ಹಾಗೇ ಎತ್ತಿ ಪಕ್ಕಕ್ಕಿಡಲು ಹೋದೆ.

"ನೋಡ್ರಿ" ಎಂದ ಅವನು.

"ನೀ ಮಾಡಿದ್ದಂದ್ಮ್ಯಾಲ ಏನ್ ನೋಡೂದೈತಿ?"

"ಮೊದಲ ನೋಡ್ರಿ."

ಹೆಬ್ಬೆರಳಿನಿಂದ ಮುಚ್ಚಳದ ಸುತ್ತ ಸವರಿದೆ. ಬೆಸುಗೆ ಕೂಡುವ ಕಡೆ ಕೂದಲೆಳೆಯಷ್ಟು ಏರುಪೇರು. ಪಾತ್ರೆಗೆ ನೀರು ತುಂಬಿ, ಮುಚ್ಚಳ ಒತ್ತಿ, ಮಗ್ಗುಲಿಗೆ ಮಲಗಿಸಿದೆ. ಇಬ್ಬರೂ ಎದುರುಬದುರು ಕೂತು ಅದನ್ನೇ ನೋಡಿದೆವು. ಬಹಳ ಹೊತ್ತಿನ ಮೇಲೆ ಅಂಚಿನಲ್ಲಿ ಒಂದು ಹನಿ ಮೂಡಿತು, ದಪ್ಪವಾಯಿತು, ಜಾರಿತು.

"ಸೋರ್ತೈತಿ" ಎಂದೆ.

"ಗೊತ್ತೈತಿ ನನಗ" ಎಂದ ದಸ್ತಗೀರಸಾಬ. ನೀರು ಚೆಲ್ಲಿ, ಪಾತ್ರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ. "ಶುಕ್ರವಾರ ಬ್ಯಾರೆ ತರ್ತೀನಿ" ಎಂದು ಹೇಳಿ ಹಳ್ಳದ ಕಡೆ ನಡೆದ.